ಹಲ್ಲು ಉಳಿಸುವ ವಿದ್ಯೆ

ಕಡಲೆ ಇದ್ದವನಿಗೆ ಹಲ್ಲಿಲ್ಲವೆಂಬ ಗಾದೆಯನ್ನು ನಾವು ವಿಧಿಯ ಲೀಲೆಯೆಂದು ಒಪ್ಪಿಕೊಂಡಿದ್ದೇವೆ. ನ್ಯೂಜಿಲೆಂಡಿನವರು ಹಾಗೆ ಒಪ್ಪಲಿಲ್ಲ. ಮೊದಲನೆಯ ಮಹಾಯುದ್ಧದಲ್ಲಿ ಸೈನ್ಯಕ್ಕೆ ಸೇರಬಂದ ತರುಣರ ಹುಳುಕು ಹಲ್ಲುಗಳು ಅಲ್ಲಿಯ ಸರಕಾರದ ಕಣ್ಣು ತೆರೆಸಿದುವು. ದಂತವೈದ್ಯ ಥಾಮಸ್ ಹಂಟರರ ಮುಂದಾಳುತನದಲ್ಲಿ 1921ರಲ್ಲಿ ವೆಲಿಂಗ್ಟನ್ನಿನಲ್ಲಿ ತರುಣಿಯರಿಗೆ ಎರಡು ವರ್ಷಗಳ ಶಿಕ್ಷಣ ಆರಂಭವಾಯಿತು. ಶಾಲಾಮಕ್ಕಳ ಹುಳುಕು ತುಂಬುವುದು, ಹಾಲುಹಲ್ಲು ಕೀಳುವುದು ಅವರ ಕೆಲಸ. ಕೊರೆಯುವ ಯಂತ್ರಕ್ಕೆ ಹೆದರಿದ ಮಕ್ಕಳು ಆ ಚಿಕಿತ್ಸಾಲಯಕ್ಕೆ ‘ಕೊಲೆಮನೆ’ಯೆಂದೇ ಹೆಸರಿಟ್ಟರು!

ಆ ಬೀಜ ಇಂದು ಪದವಿಯಾಗಿ ಬೆಳೆದಿದೆ. ಒಟಾಗೋ ವಿಶ್ವವಿದ್ಯಾನಿಲಯದಲ್ಲಿ ಬಾಯಿಯ ಆರೋಗ್ಯದ ಪದವಿಗೆ ಮೂರು ವರ್ಷ. ದಂತವೈದ್ಯ ಪದವಿಗೆ ಐದು. ವಿದ್ಯಾರ್ಥಿಗಳು ಶರೀರಶಾಸ್ತ್ರವನ್ನು ಓದಿ, ಕೃತಕ ಹಲ್ಲುಗಳ ಮೇಲೆ ಕೈ ಪಳಗಿಸಿ, ಬಳಿಕ ಅಧ್ಯಾಪಕರ ಕಣ್ಣೆದುರಿನಲ್ಲಿ ರೋಗಿಗಳಿಗೆ ಚಿಕಿತ್ಸೆ ನೀಡುತ್ತಾರೆ. ಹಲ್ಲಿನ ಕಿಟ್ಟ ತೆಗೆಯುವುದು, ವಸಡನ್ನು ಕಾಪಾಡುವುದು, ಅಳುವ ಮಗುವನ್ನು ಒಲಿಸಿಕೊಳ್ಳುವುದು ಎಲ್ಲವೂ ಅಲ್ಲಿ ಪಾಠವೇ.

“ಹಾಗಾದರೆ ಇದು ಅರೆವೈದ್ಯವಲ್ಲವೇ?” ಎಂದು ತಂದೆತಾಯಿಗಳು ಕೇಳಿಯಾರು. ಅಲ್ಲ. ಕೆಟ್ಟುದನ್ನು ಸರಿಪಡಿಸುವುದು ಒಂದು ವಿದ್ಯೆ. ಕೆಡದಂತೆ ಕಾಯುವುದು ಇನ್ನೊಂದು. ಎರಡನೆಯದು ಗೆದ್ದಾಗ ಕಣ್ಣಿಗೆ ಕಾಣಿಸುವಂಥದು ಏನೂ ಉಳಿಯುವುದಿಲ್ಲ. ಆದುದರಿಂದಲೇ ಅದಕ್ಕೆ ಹೊಗಳಿಕೆ ಕಡಮೆ. ನ್ಯೂಜಿಲೆಂಡಿನಲ್ಲಿ ಹದಿನೆಂಟು ತುಂಬುವವರೆಗೆ ಮಕ್ಕಳಿಗೆ ಸಾಮಾನ್ಯ ದಂತಚಿಕಿತ್ಸೆ ಉಚಿತ. ಅದರ ಭಾರ ಹೊತ್ತವರಲ್ಲಿ ಈ ಪದವೀಧರರೂ ಇದ್ದಾರೆ.

ನಮ್ಮಲ್ಲಿಯೂ 1948ರ ದಂತವೈದ್ಯರ ಕಾಯಿದೆ ‘ಡೆಂಟಲ್ ಹೈಜೀನಿಸ್ಟ್’ ಎಂಬ ವೃತ್ತಿಯನ್ನು ಗುರುತಿಸಿತು. ಆದರೆ ಹಲ್ಲು ನೋಯುವವರೆಗೆ ವೈದ್ಯರ ಹೊಸ್ತಿಲು ತುಳಿಯದ ನಮ್ಮ ಮನೆಗಳು ಅದನ್ನು ಇನ್ನೂ ಗುರುತಿಸಬೇಕಾಗಿದೆ. ಮಗಳೋ ಮಗನೋ ಈ ದಾರಿ ಹಿಡಿಯುವೆನೆಂದರೆ, “ಡಾಕ್ಟರಾಗುವುದಿಲ್ಲವೇ?” ಎಂದು ನಿಟ್ಟುಸಿರು ಬಿಡುವ ಮುನ್ನ ಮನೆಯ ಹಿರಿಯರ ಬೊಚ್ಚುಬಾಯಿಯನ್ನೊಮ್ಮೆ ನೋಡಿರಿ.