ಹಳೆ ಪಿಕಪ್‌ಗೆ ಬೇಕಿರೋದು ದುಬಾರಿ ಆಯಿಲ್ ಅಲ್ಲ, ಸರಿಯಾದ ಆಯಿಲ್

ಮಣ್ಣು ಪರೀಕ್ಷೆ ಮಾಡಿಸದೆ ಗೊಬ್ಬರ ಹಾಕಬೇಡಿ ಅಂತ ನಾವೆಲ್ಲ ಒಬ್ಬರಿಗೊಬ್ಬರು ಹೇಳ್ತೀವಿ. ಅದೇ ನಾವು ಗಾಡಿಯ ವಿಷಯಕ್ಕೆ ಬಂದರೆ, ಅಂಗಡಿಯವರು ಕೈಗಿಟ್ಟ ಡಬ್ಬಿ ಸುರಿದು ಸುಮ್ಮನಾಗುತ್ತೇವೆ. ಹತ್ತು-ಹನ್ನೆರಡು ವರ್ಷ ದುಡಿದ ಬೊಲೆರೊ ಪಿಕಪ್, ಟಾಟಾ ಏಸ್ ಇವತ್ತಿಗೂ ಎಷ್ಟೋ ತೋಟಗಳ ಆಧಾರ. ಸೊಪ್ಪು-ತರಕಾರಿ ಬೆಳೆಯುವವರಿಗಂತೂ ಗಾಡಿ ಅಂದರೆ ಬೆಳೆಯ ಕೊನೆಯ ಹಂತ. ಬೆಳಗಿನ ಜಾವ ಕೊಯ್ದ ಸೊಪ್ಪು ದಾರಿಯಲ್ಲಿ ನಿಂತರೆ ಮಧ್ಯಾಹ್ನಕ್ಕೆ ಬಾಡಿ ಹೋಗುತ್ತೆ, ತಿಂಗಳ ದುಡಿಮೆ ದನದ ಪಾಲಾಗುತ್ತೆ. ಹಾಗಾಗಿ ಹೊಸ ಗಾಡಿಯ ಸಾಲಕ್ಕೆ ಸಹಿ ಹಾಕುವ ಮೊದಲು, ಇರುವ ಗಾಡಿಯೊಳಗೆ ಏನು ಹರಿಯುತ್ತಿದೆ ಅಂತ ನೋಡಿ ಅನ್ನೋದು ನನ್ನ ಅಭಿಪ್ರಾಯ.

ಮೊದಲು ಎಂಜಿನ್ ಆಯಿಲ್. ಡಬ್ಬಿಯ ಮೇಲೆ ಎರಡು ಗುರುತು ಓದಿದರೆ ಸಾಕು. ಒಂದು ದಪ್ಪದ ಸಂಖ್ಯೆ. ನಮ್ಮ ಹವೆಗೆ, ಹಳೆ ಡೀಸೆಲ್ ಪಿಕಪ್‌ಗಳಿಗೆ ಸಾಮಾನ್ಯವಾಗಿ 15ಡಬ್ಲ್ಯು-40. ಇನ್ನೊಂದು ಎಪಿಐ ದರ್ಜೆ. ‘ಸಿ’ಯಿಂದ ಶುರುವಾದರೆ ಡೀಸೆಲ್‌ಗೆ, ‘ಎಸ್’ನಿಂದಾದರೆ ಪೆಟ್ರೋಲ್‌ಗೆ. ಸಿಎಚ್-4, ಸಿಐ-4 ಅನ್ನೋದು ಹಳೆ ಡೀಸೆಲ್ ಎಂಜಿನ್‌ಗಳಲ್ಲಿ ಹೆಚ್ಚಾಗಿ ಕಾಣುವ ದರ್ಜೆ. ಕೊನೆ ಮಾತು ಗಾಡಿಯ ಜೊತೆ ಬಂದ ಕೈಪಿಡಿಯದ್ದೇ. 2020ರ ಏಪ್ರಿಲ್ ನಂತರದ ಬಿಎಸ್-6 ಗಾಡಿಗಳಿಗೆ ಬೇರೆ ಆಯಿಲ್ ಬೇಕು, ಅವಕ್ಕೆ ಈ ಲೆಕ್ಕ ಹಚ್ಚಬೇಡಿ.

“ಗಾಡಿ ಹಳೇದಾಯ್ತು, ದಪ್ಪ ಆಯಿಲ್ ಹಾಕಿ” ಅನ್ನೋ ಸಲಹೆ ಎಲ್ಲ ಕಡೆ ಸಿಗುತ್ತೆ. ದಪ್ಪ ಆಯಿಲ್‌ನಿಂದ ಸದ್ದು ಸ್ವಲ್ಪ ಅಡಗಬಹುದು, ಸವೆತ ವಾಸಿಯಾಗಲ್ಲ. ಬೆಳಗ್ಗೆ ತಣ್ಣಗಿರುವ ಎಂಜಿನ್ ಶುರು ಮಾಡಿದಾಗ ಅದು ಮೇಲಿನ ಭಾಗಗಳಿಗೆ ತಲುಪೋದೂ ನಿಧಾನ. ಕೈಪಿಡಿ ಒಪ್ಪದಿದ್ದರೆ ಬೇಡ. ಇನ್ನೊಂದು ತಪ್ಪು ತಿಳಿವಳಿಕೆ ಕಿಲೋಮೀಟರಿನದ್ದು. ತೋಟದಿಂದ ಊರಿಗೆ ನಾಲ್ಕು ಕಿಲೋಮೀಟರ್ ಹೋಗಿ ಬರುವ ಗಾಡಿಯ ಎಂಜಿನ್ ಪೂರ್ತಿ ಬಿಸಿಯಾಗೋದೇ ಇಲ್ಲ. ಆಯಿಲ್‌ನಲ್ಲಿ ತೇವ ಉಳಿಯುತ್ತೆ. ಕಿಲೋಮೀಟರ್ ತುಂಬದಿದ್ದರೂ ವರ್ಷಕ್ಕೊಮ್ಮೆ ಆಯಿಲ್, ಫಿಲ್ಟರ್ ಎರಡೂ ಬದಲಾಗಲಿ. ಕಡ್ಡಿ ಎತ್ತಿ ನೋಡುವಾಗ ಆಯಿಲ್ ಹಾಲು ಬೆರೆಸಿದ ಹಾಗೆ ಕಂಡರೆ ಒಳಗೆ ನೀರು ಸೇರಿದೆ ಅಂತ ಅರ್ಥ. ಆಮೇಲೆ ಗಾಡಿ ಓಡಿಸಲೇಬೇಡಿ.

ಎರಡನೆಯದು ಕೂಲಂಟ್. ರೇಡಿಯೇಟರ್‌ಗೆ ಬೋರ್‌ವೆಲ್ ನೀರು ಹಾಕುವ ಅಭ್ಯಾಸ ಬಯಲುಸೀಮೆಯಲ್ಲಿ ಬಹಳ. ಡ್ರಿಪ್ ಪೈಪಿನ ತೂತು ಕಟ್ಟಿಸುವ ಅದೇ ಗಡಸು ನೀರು ರೇಡಿಯೇಟರಿನ ಕೊಳವೆಯಲ್ಲೂ ಸುಣ್ಣ ಕಟ್ಟುತ್ತೆ. ಡ್ರಿಪ್ಪಿಗೆ ಆಸಿಡ್ ಬಿಡ್ತೀವಿ, ಎಂಜಿನ್ನಿಗೆ ಬಿಡೋಕಾಗಲ್ಲ. ನೇರ ಹಾಕುವ ಕೂಲಂಟ್ ತನ್ನಿ. ಗಟ್ಟಿ ಕೂಲಂಟ್ ಆದರೆ ಡಿಸ್ಟಿಲ್ಡ್ ವಾಟರ್ ಜೊತೆ ಡಬ್ಬಿಯ ಮೇಲಿರುವ ಪ್ರಮಾಣದಲ್ಲಿ ಬೆರೆಸಿ. ಎಂಜಿನ್ ಬಿಸಿ ಇದ್ದಾಗ ಮುಚ್ಚಳ ತೆಗೆಯಬೇಡಿ. ಇಳಿಸಿದ ಕೂಲಂಟನ್ನು ಬೋಗುಣಿಯಲ್ಲಿ ಬಿಟ್ಟು ಹೋಗಬೇಡಿ. ಅದರಲ್ಲಿರುವ ಎಥಿಲೀನ್ ಗ್ಲೈಕಾಲ್ ಸಿಹಿಯಾಗಿರುತ್ತೆ, ವಿಷ ಕೂಡ. ನಾಯಿ, ಕರು ನೆಕ್ಕಿದರೆ ಉಳಿಯೋದು ಕಷ್ಟ.

ಮೂರನೆಯದು ನಾವು ಪೂರ್ತಿ ಮರೆಯುವ ಬ್ರೇಕ್ ಆಯಿಲ್. ಇದು ಗಾಳಿಯ ತೇವ ಹೀರಿಕೊಳ್ಳುತ್ತೆ. ಡಾಟ್-3 ಹೊಸದಿದ್ದಾಗ ಕನಿಷ್ಠ 205 ಡಿಗ್ರಿಯವರೆಗೆ ಕುದಿಯಬಾರದು. ತೇವ ಹೀರಿದ ಮೇಲಿನ ಮಿತಿ 140 ಡಿಗ್ರಿ ಮಾತ್ರ. ಡಾಟ್-4ಕ್ಕೆ ಈ ಮಿತಿಗಳು 230 ಮತ್ತು 155. ಲೋಡ್ ಹಾಕಿಕೊಂಡು ಶಿರಾಡಿ, ಚಾರ್ಮಾಡಿ ಇಳಿಯುವಾಗ ಬ್ರೇಕ್ ಕಾದು ಈ ಆಯಿಲ್ ಕುದಿದರೆ ಒಳಗೆ ಆವಿಯ ಗುಳ್ಳೆ ಏಳುತ್ತೆ, ಪೆಡಲ್ ಸೀದಾ ಕೆಳಗೆ ಹೋಗುತ್ತೆ. ಕೈಪಿಡಿ ಹೇಳಿದ ದರ್ಜೆಯದನ್ನೇ ಎರಡು ವರ್ಷಕ್ಕೊಮ್ಮೆ ಬದಲಿಸಿ. ಡಾಟ್-5 ಅಂತ ಇರೋದು ಸಿಲಿಕೋನ್. ಹೆಸರಲ್ಲಿ ದೊಡ್ಡ ಸಂಖ್ಯೆ ಇದೆ ಅಂತ ಇದರ ಜೊತೆ ಬೆರೆಸಬೇಡಿ. ಆಯಿಲ್ ಮಟ್ಟ ಇಳಿಯುತ್ತಿದ್ದರೆ ಪ್ಯಾಡ್ ಸವೆದಿರುತ್ತೆ, ಇಲ್ಲಾ ಎಲ್ಲೋ ಸೋರುತ್ತಿರುತ್ತೆ. ಮೇಲೆ ತುಂಬಿಸಿ ಸುಮ್ಮನಾಗೋದಲ್ಲ, ಕಾರಣ ಹುಡುಕಬೇಕು.

ಗೇರ್ ಬಾಕ್ಸ್‌ಗೂ ಹಿಂದಿನ ಡಿಫರೆನ್ಷಿಯಲ್‌ಗೂ ಒಂದೇ ಡಬ್ಬಿ ಸುರಿಯೋದನ್ನೂ ನಿಲ್ಲಿಸಬೇಕು. ಡಿಫರೆನ್ಷಿಯಲ್‌ಗೆ ಸಾಮಾನ್ಯವಾಗಿ ಜಿಎಲ್-5 ಬೇಕು. ಗೇರ್ ಬಾಕ್ಸ್‌ಗೆ ಜಿಎಲ್-4 ಅಂತ ಬರೆದಿದ್ದರೆ ಅದೇ ಹಾಕಿ. ಜಿಎಲ್-5ರ ಗಂಧಕದ ಅಂಶ ಕೆಲವು ಗೇರ್ ಬಾಕ್ಸ್‌ಗಳ ಹಿತ್ತಾಳೆ ಭಾಗಗಳನ್ನು ತಿನ್ನಬಹುದು. ಮಣ್ಣು ದಾರಿಯಲ್ಲಿ ಓಡುವ ಗಾಡಿಯ ಏರ್ ಫಿಲ್ಟರ್ ತಿಂಗಳಿಗೊಮ್ಮೆ ನೋಡಿ. ಮಳೆಗಾಲದಲ್ಲಿ ಡೀಸೆಲ್ ಫಿಲ್ಟರಿನ ತಳದ ನೀರು ಬಿಡೋದನ್ನು ಮರೆಯಬೇಡಿ.

ಇನ್ನು ಇಳಿಸಿದ ಹಳೆ ಎಂಜಿನ್ ಆಯಿಲ್. ಬೇಲಿ ಗೂಟಕ್ಕೆ ಗೆದ್ದಲು ಹಿಡಿಯದಿರಲಿ ಅಂತ ಬಳಿಯುವುದು, ಬದುವಿನ ಕಳೆಗೆ ಸುರಿಯುವುದು ನಮ್ಮಲ್ಲಿ ರೂಢಿ. ಇದನ್ನು ನಾನು ಒಪ್ಪಲ್ಲ. ಓಡಿದ ಆಯಿಲ್‌ನಲ್ಲಿ ಸವೆದ ಲೋಹದ ಕಣ, ಸುಟ್ಟ ಇಂಧನದ ವಿಷ ಎರಡೂ ಇರುತ್ತೆ. 2016ರ ಕೇಂದ್ರ ನಿಯಮಗಳಲ್ಲಿ ಇದು ಅಪಾಯಕಾರಿ ತ್ಯಾಜ್ಯ. ಜೀವಾಮೃತ ಹಾಕಿ ಸಾಕಿದ ಮಣ್ಣಿಗೆ ಇದನ್ನೂ ಸುರಿದರೆ ಸಾವಯವ ಅನ್ನೋ ಮಾತಿಗೆ ಏನರ್ಥ? ಕ್ಯಾನ್‌ನಲ್ಲಿ ತುಂಬಿಟ್ಟು ಆಯಿಲ್ ಸಂಗ್ರಹಿಸುವ ಗ್ಯಾರೇಜಿಗೆ ಕೊಡಿ.

ದುಡ್ಡಿಲ್ಲ ಅನ್ನುವವರ ಮಾತೂ ನಿಜ. ಆದರೆ ಸರಿಯಾದ ದರ್ಜೆಯ ಸಾಧಾರಣ ಮಿನರಲ್ ಆಯಿಲ್ ಹೊತ್ತಿಗೆ ಸರಿಯಾಗಿ ಹಾಕಿದರೆ ಹಳೆ ಎಂಜಿನ್ನಿಗೆ ಸಾಕು; ದುಬಾರಿ ಸಿಂಥೆಟಿಕ್ ತಂದು ಮೂರು ವರ್ಷ ಮರೆಯೋದಕ್ಕಿಂತ ಅದೇ ಮೇಲು. ಸಾವಯವ ದೃಢೀಕರಣಕ್ಕೆ ಹೇಗೂ ಕೃಷಿ ದಿನಚರಿ ಬರೀತೀರಿ. ಅದರ ಕೊನೆಯ ಎರಡು ಪುಟ ಗಾಡಿಗೆ ಬಿಡಿ: ಯಾವ ದಿನ, ಎಷ್ಟು ಕಿಲೋಮೀಟರ್, ಯಾವ ಆಯಿಲ್, ಯಾವ ದರ್ಜೆ. ಮುಂದಿನ ಸಲ ಅಂಗಡಿಗೆ ಹೋದಾಗ ಆ ಪುಟ ತೋರಿಸಿ ಆಯಿಲ್ ಕೇಳಿ.