ಜೋಡಿಹೋಲಿಕೆಯೂ ಪೂರ್ವಾಪರ ವಿರೋಧವೂ

ರಾಮನಿಗಿಂತ ಭೀಮನು ಎತ್ತರ, ಭೀಮನಿಗಿಂತ ಸೋಮನು ಎತ್ತರವೆಂದರೆ, ರಾಮನಿಗಿಂತ ಸೋಮನು ಎತ್ತರವೆಂಬುದನ್ನು ಅಳೆದು ನೋಡಬೇಕಾಗಿಲ್ಲ. ಮನುಷ್ಯನ ಮೆಚ್ಚಿಕೆ ಮಾತ್ರ ಈ ನಿಯಮಕ್ಕೆ ಕಟ್ಟುಬಿದ್ದಿಲ್ಲ. ಅಮೆರಿಕದ ಗಣಿತಜ್ಞ ಕೆನೆತ್ ಮೇ 1954ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ 62 ಮಂದಿ ಕಾಲೇಜು ವಿದ್ಯಾರ್ಥಿಗಳು ಮೂವರು ಕಲ್ಪಿತ ಬಾಳಸಂಗಾತಿಗಳನ್ನು ಇಬ್ಬಿಬ್ಬರಂತೆ ಹೋಲಿಸಬೇಕಾಗಿದ್ದಿತು. ಮೊದಲನೆಯವರು ಬುದ್ಧಿಯಲ್ಲಿಯೂ ಸಂಪತ್ತಿನಲ್ಲಿಯೂ ಎರಡನೆಯವರಿಗಿಂತ ಮೇಲು. ಎರಡನೆಯವರು ಬುದ್ಧಿಯಲ್ಲಿಯೂ ರೂಪದಲ್ಲಿಯೂ ಮೂರನೆಯವರಿಗಿಂತ ಮೇಲು. ಮೂರನೆಯವರಾದರೋ ರೂಪಸಂಪತ್ತುಗಳೆರಡರಲ್ಲಿಯೂ ಮೊದಲನೆಯವರನ್ನೇ ಮೀರಿಸಿದವರು! 17 ಮಂದಿಯ ಆಯ್ಕೆ ಗಾಣದೆತ್ತಿನಂತೆ ಸುತ್ತುಹಾಕಿತು. ಅವರನ್ನು ಅವಿವೇಕಿಗಳೆನ್ನಲು ನನ್ನ ಮನಸ್ಸು ಒಪ್ಪದು. ಪ್ರತಿ ಜೋಡಿಯಲ್ಲಿಯೂ ಮೂರರಲ್ಲಿ ಎರಡು ಗುಣಗಳನ್ನು ಎಣಿಸಿಯೇ ಅವರು ಉತ್ತರವಿತ್ತಿರಬಹುದು.

ಇಂಥ ತೀರ್ಪುಗಳನ್ನು ಅಂಕಿಗಿಳಿಸುವ ವಿಧಾನವೊಂದನ್ನು ಗಣಿತಜ್ಞ ಥಾಮಸ್ ಸಾಟಿಯವರು 1970ರ ದಶಕದಲ್ಲಿ ರೂಪಿಸಿದರು. ಎರಡೂ ಸಮವಾದರೆ 1, ಒಂದು ಮತ್ತೊಂದಕ್ಕಿಂತ ಅತ್ಯಂತ ಮಿಗಿಲಾದರೆ 9. ಅಂಕಿಗಳೊಳಗಿನ ವಿರೋಧವು, ಮನಬಂದಂತೆ ಬರೆದ ಅಂಕಿಗಳ ಸರಾಸರಿ ವಿರೋಧದ ಹತ್ತನೆಯ ಒಂದು ಪಾಲನ್ನು ಮೀರಬಾರದು. ಮೀರಿದರೆ ತೀರ್ಪನ್ನು ಮರಳಿ ಪರಿಶೀಲಿಸಬೇಕು.

ಈ ಗಡಿಯನ್ನು ಶಾಸನವೆಂಬಂತೆ ಪಾಲಿಸುವುದು ತರವಲ್ಲವೆಂದು ನನ್ನ ಅಭಿಪ್ರಾಯ. ವಿದ್ಯಾರ್ಥಿಯೊಬ್ಬನು ಭೌತಶಾಸ್ತ್ರವನ್ನು ರಸಾಯನಶಾಸ್ತ್ರಕ್ಕಿಂತ ಐದು ಪಟ್ಟು, ರಸಾಯನಶಾಸ್ತ್ರವನ್ನು ಸಸ್ಯಶಾಸ್ತ್ರಕ್ಕಿಂತ ಐದು ಪಟ್ಟು ಮೆಚ್ಚುವನೆನ್ನಿ. ಗುಣಿಸಿದರೆ ಭೌತ ಸಸ್ಯಶಾಸ್ತ್ರಗಳ ಪ್ರಮಾಣ 25 ಆಗಬೇಕು. ಅಳತೆಗೋಲೋ 9ಕ್ಕೆ ಮುಗಿಯುತ್ತದೆ! ಬೇರೆ ದಾರಿಯಿಲ್ಲದೆ ಅವನು 9 ಎಂದು ಬರೆದೊಡನೆ ವಿರೋಧದ ಅಳತೆ 0.10ನ್ನು ತುಸು ದಾಟುತ್ತದೆ. ಇಲ್ಲಿ ಅವನ ತಪ್ಪೇನು? ಅದೇ, ಎಲ್ಲ ಜೋಡಿಗಳಿಗೂ 1 ಎಂದು ಗೀಚಿ ಎದ್ದುಹೋದ ಸೋಮಾರಿಯ ತೀರ್ಪಿನಲ್ಲಿ ವಿರೋಧ ಸೊನ್ನೆ.

ಹಾಗೆಂದು ಈ ಅಳತೆ ನಿರುಪಯುಕ್ತವಲ್ಲ. ಅವಸರದಲ್ಲಿ 3 ಎಂಬೆಡೆ ಅದರ ವಿಲೋಮವನ್ನು ಬರೆದು, ಮೂರು ವಸ್ತುಗಳು ಒಂದನ್ನೊಂದು ಮೂರು ಪಟ್ಟು ಮೀರಿ ಸುತ್ತುಹಾಕಿದರೆ, ಅಳತೆ 1ಕ್ಕಿಂತಲೂ ಮೇಲೇರಿ ಕೂಡಲೇ ಎಚ್ಚರಿಸುತ್ತದೆ. ಮುಂದಿನ ಹೆಜ್ಜೆಯಲ್ಲಿ ನನಗೆ ಶಂಕೆ. ಯಾವ ಅಂಕಿಯನ್ನು ತಿದ್ದಿದರೆ ಗಡಿಯೊಳಗೆ ಬರಬಹುದೆಂಬುದನ್ನು ಈಗ ಗಣಕಯಂತ್ರವೇ ಸೂಚಿಸಬಲ್ಲುದು. ಆ ಸೂಚನೆಗೆ ತಲೆಬಾಗಿ ತಿದ್ದಿದವನಿಗೆ ತನ್ನ ಮನಸ್ಸು ಬದಲಾಯಿತೋ, ಬರಿಯ ಅಂಕಿ ಬದಲಾಯಿತೋ ತಿಳಿಯುವ ಬಗೆಯಿಲ್ಲ. ಆಸ್ಪತ್ರೆಗೋ ಸೇತುವೆಗೋ ಈ ವಿಧಾನದಿಂದ ಸ್ಥಳವನ್ನು ಆರಿಸುವವರು, ಮೊದಲು ಬರೆದ ಅಂಕಿಯನ್ನೂ ತಿದ್ದಿದ ಅಂಕಿಯನ್ನೂ ಕಾರಣಸಹಿತವಾಗಿ ಕಡತದಲ್ಲಿ ಉಳಿಸಬೇಕು. ಕೇಳಿದ ನಾಗರಿಕನಿಗೆ ಅವೆರಡನ್ನೂ ತೋರಿಸಬೇಕು.