ಬಸ್ ಅಪಘಾತಗಳಲ್ಲಿ ಹೊಣೆ ನಿಗದಿ ಹಾಗೂ ಚಾಲಕರ ಸುರಕ್ಷತೆ ಕುರಿತು ಮನವಿ ಪತ್ರ

ಇವರಿಗೆ,
ಮಾನ್ಯ ಜಿಲ್ಲಾಧಿಕಾರಿಗಳು ಹಾಗೂ ಅಧ್ಯಕ್ಷರು,
ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿ, ಗದಗ.

ಮುಖಾಂತರ: ಮಾನ್ಯ ತಹಶೀಲ್ದಾರರು, ರೋಣ, ನರಗುಂದ ಮತ್ತು ಗಜೇಂದ್ರಗಡ.

ವಿಷಯ: ಸಾರಿಗೆ ಸಂಸ್ಥೆ ಹಾಗೂ ಖಾಸಗಿ ಬಸ್‌ಗಳ ಅಪಘಾತ ಪ್ರಕರಣಗಳಲ್ಲಿ ಚಾಲಕರ ಜೊತೆಗೆ ವಾಹನದ ಮಾಲೀಕರು, ಡ್ಯೂಟಿ ನಿಗದಿ ಮಾಡುವವರು ಮತ್ತು ರಸ್ತೆ ನಿರ್ವಹಿಸುವವರ ಹೊಣೆಯನ್ನೂ ತನಿಖೆಗೆ ಒಳಪಡಿಸುವುದು ಹಾಗೂ ಚಾಲಕರ ವಿಶ್ರಾಂತಿ, ರಕ್ಷಣೆಯನ್ನು ಖಾತ್ರಿಪಡಿಸುವ ಬಗ್ಗೆ.

ಮಾನ್ಯರೇ,

ರೋಣ, ನರಗುಂದ ಮತ್ತು ಗಜೇಂದ್ರಗಡ ತಾಲ್ಲೂಕುಗಳ ಬಸ್ ಚಾಲಕರು, ನಿರ್ವಾಹಕರು, ಅವರ ಕುಟುಂಬದವರು ಹಾಗೂ ದಿನನಿತ್ಯದ ಪ್ರಯಾಣಿಕರಾದ ನಾವು ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ:

ನಮ್ಮ ಭಾಗದ ಜನಜೀವನ ನಿಂತಿರುವುದೇ ಬಸ್ಸಿನ ಮೇಲೆ. ರೋಣ ತಾಲ್ಲೂಕಿನ ಹೊಳೆಆಲೂರು ಕಡೆ ರೈಲು ಹಾದುಹೋಗುವುದನ್ನು ಬಿಟ್ಟರೆ ನರಗುಂದಕ್ಕಾಗಲಿ ಗಜೇಂದ್ರಗಡಕ್ಕಾಗಲಿ ರೈಲಿಲ್ಲ. ಕಾಲೇಜಿಗೆ, ಸಂತೆಗೆ, ಗದಗ–ಹುಬ್ಬಳ್ಳಿಯ ಆಸ್ಪತ್ರೆಗೆ ಹೋಗಬೇಕಾದವರೆಲ್ಲ ಬಸ್ಸನ್ನೇ ಹತ್ತಬೇಕು. 2023ರ ಜೂನ್ 11ರಂದು ಶಕ್ತಿ ಯೋಜನೆ ಜಾರಿಗೆ ಬಂದ ಮೇಲೆ ನಮ್ಮ ಹೆಣ್ಣುಮಕ್ಕಳ ಓಡಾಟಕ್ಕೆ ದೊಡ್ಡ ಅನುಕೂಲವಾಯಿತು. ಅದನ್ನು ನಾವು ಮನಸಾರೆ ಸ್ವಾಗತಿಸುತ್ತೇವೆ. ಆದರೆ ಬೆಳಗಿನ ಟ್ರಿಪ್‌ಗಳಲ್ಲಿ ಬಾಗಿಲಿನವರೆಗೂ ಜನ ನಿಂತಿರುವಾಗ ಎಡಗಡೆಯ ಕನ್ನಡಿಯೂ ಕಾಣದಂತೆ ಬಸ್ ಓಡಿಸಬೇಕಾದ ಸ್ಥಿತಿ ಚಾಲಕರದು.

ಇಂಥ ಬಸ್ಸು ಅಪಘಾತಕ್ಕೀಡಾದರೆ ಎಫ್‌ಐಆರ್‌ನಲ್ಲಿ ಮೊದಲು ಬರುವುದು ಚಾಲಕನ ಹೆಸರು. ಬಹುತೇಕ ಪ್ರಕರಣಗಳಲ್ಲಿ ಕೊನೆಗೆ ಉಳಿಯುವುದೂ ಅದೊಂದೇ ಹೆಸರು. "ಅತಿವೇಗ ಮತ್ತು ಅಜಾಗರೂಕತೆಯಿಂದ" ಎಂಬ ಸಿದ್ಧ ವಾಕ್ಯ ಪಂಚನಾಮೆಯಿಂದ ದೋಷಾರೋಪಣ ಪಟ್ಟಿಗೆ, ಅಲ್ಲಿಂದ ಇಲಾಖಾ ವಿಚಾರಣೆಯ ಆಪಾದನಾ ಪತ್ರಕ್ಕೆ ಹಾಗೇ ಸಾಗುತ್ತದೆ. ಹಿಂದಿನ ರಾತ್ರಿ ಆತ ಎಷ್ಟು ಹೊತ್ತು ಮಲಗಿದ್ದ, ಬ್ರೇಕ್ ಸರಿಯಿಲ್ಲವೆಂದು ಲಾಗ್‌ಶೀಟ್‌ನಲ್ಲಿ ಬರೆದಿದ್ದನೇ, ಆ ತಿರುವಿನಲ್ಲಿ ಸೂಚನಾ ಫಲಕವಿತ್ತೇ ಎಂದು ಕೇಳುವವರಿರುವುದಿಲ್ಲ.

2023ರ ನವೆಂಬರ್‌ನಲ್ಲಿ ಗಜೇಂದ್ರಗಡ ತಾಲ್ಲೂಕಿನ ನರೇಗಲ್ ಬಳಿ ಸಾರಿಗೆ ಬಸ್ಸು ಮತ್ತು ಟಾಟಾ ಸುಮೊ ಡಿಕ್ಕಿಯಾಗಿ ಪ್ರಾಣಹಾನಿಯಾದುದು ತಮಗೆ ತಿಳಿದೇ ಇದೆ. ಆ ಪ್ರಕರಣದ ತಪ್ಪು–ಒಪ್ಪುಗಳನ್ನು ಇಲ್ಲಿ ತೂಗುವುದು ನಮ್ಮ ಉದ್ದೇಶವಲ್ಲ. ಇಂಥ ಪ್ರತಿ ಅಪಘಾತದ ಬಳಿಕ ಪೂರ್ಣ ಕಾರಣ ಬರಹದಲ್ಲಿ ದಾಖಲಾಗಬೇಕು, ಅದು ಜನರಿಗೆ ತಿಳಿಯಬೇಕು ಎಂಬುದಷ್ಟೇ ನಮ್ಮ ಕಾಳಜಿ.

ಕಾನೂನು ಏನು ಹೇಳುತ್ತದೆ?

2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಜಾರಿಯಲ್ಲಿದೆ. ನಿರ್ಲಕ್ಷ್ಯದಿಂದ ಸಾವಿಗೆ ಕಾರಣವಾದರೆ ಹಳೆಯ ದಂಡ ಸಂಹಿತೆಯಲ್ಲಿ ಗರಿಷ್ಠ 2 ವರ್ಷ ಶಿಕ್ಷೆಯಿತ್ತು. ಈಗ ಕಲಂ 106(1)ರಡಿ ಅದು 5 ವರ್ಷಕ್ಕೆ ಏರಿದೆ. ಅಪಘಾತದ ಬಳಿಕ ಪೊಲೀಸರಿಗೆ ತಿಳಿಸದೆ ಪರಾರಿಯಾದರೆ 10 ವರ್ಷದವರೆಗೆ ಶಿಕ್ಷೆ ವಿಧಿಸುವ ಕಲಂ 106(2)ನ್ನು, 2024ರ ಜನವರಿಯಲ್ಲಿ ದೇಶದಾದ್ಯಂತ ಚಾಲಕರು ಮುಷ್ಕರ ಹೂಡಿದ ನಂತರ, ಕೇಂದ್ರ ಸರ್ಕಾರ ಜಾರಿಗೊಳಿಸದೆ ತಡೆಹಿಡಿಯಿತು. ಶಿಕ್ಷೆ ಹೆಚ್ಚಾದಷ್ಟೂ ತನಿಖೆ ಗಟ್ಟಿಯಾಗಬೇಕು.

ಚಾಲಕನ ತಪ್ಪನ್ನು ಊಹಿಸದೆ ಸಾಬೀತುಪಡಿಸಬೇಕು ಎಂಬುದನ್ನು ಸುಪ್ರೀಂ ಕೋರ್ಟ್ ಕರ್ನಾಟಕದ್ದೇ ಎರಡು ಪ್ರಕರಣಗಳಲ್ಲಿ ಹೇಳಿದೆ. ಬಸ್ ಚಾಲಕರೊಬ್ಬರ ಮೇಲಿದ್ದ ಸೈಯದ್ ಅಕ್ಬರ್ ಪ್ರಕರಣದಲ್ಲಿ (1979), ಅಪಘಾತ ನಡೆಯಿತು ಎಂಬ ಒಂದೇ ಕಾರಣಕ್ಕೆ ಚಾಲಕನನ್ನು ಕ್ರಿಮಿನಲ್ ಅಪರಾಧಿ ಎಂದು ಊಹಿಸುವಂತಿಲ್ಲ, ನಿರ್ಲಕ್ಷ್ಯವನ್ನು ಪ್ರಾಸಿಕ್ಯೂಷನ್ ಸಾಬೀತುಪಡಿಸಬೇಕು ಎಂದು ನ್ಯಾಯಾಲಯ ತೀರ್ಪಿತ್ತಿತು. ಕರ್ನಾಟಕ ರಾಜ್ಯ ಮತ್ತು ಸತೀಶ್ ನಡುವಿನ ಪ್ರಕರಣದಲ್ಲಿ (1998), ವಾಹನ "ಅತಿವೇಗ"ದಲ್ಲಿತ್ತು ಎಂದು ಹೇಳಿದ ಮಾತ್ರಕ್ಕೆ ಅಜಾಗರೂಕತೆ ಸಾಬೀತಾಗುವುದಿಲ್ಲ ಎಂದಿತು. ಪರಿಹಾರದ ದಾವೆಯ ಅಳತೆಗೋಲು ಬೇರೆ. ಅಲ್ಲಿ ಸಂಭವನೀಯತೆಯ ಆಧಾರದ ಮೇಲೆ ಚಾಲಕ ಮತ್ತು ಮಾಲೀಕರು ಜಂಟಿಯಾಗಿಯೂ ಪ್ರತ್ಯೇಕವಾಗಿಯೂ ಹೊಣೆಯಾಗುತ್ತಾರೆ. ಆದ್ದರಿಂದ ಚಾಲಕನ ಮೇಲೆ ಕ್ರಿಮಿನಲ್ ಆರೋಪ ಹೊರಿಸಿದರಷ್ಟೇ ಸಂತ್ರಸ್ತರಿಗೆ ಪರಿಹಾರ ಸಿಗುತ್ತದೆ ಎಂಬ ತಿಳಿವಳಿಕೆ ತಪ್ಪು.

ರಸ್ತೆಯ ಹೊಣೆಯೂ ಕಾನೂನಿನಲ್ಲಿದೆ. 2019ರ ತಿದ್ದುಪಡಿಯಲ್ಲಿ ಮೋಟಾರು ವಾಹನ ಕಾಯ್ದೆಗೆ ಸೇರಿದ ಕಲಂ 198ಎ ಪ್ರಕಾರ, ರಸ್ತೆಯ ವಿನ್ಯಾಸ, ನಿರ್ಮಾಣ ಅಥವಾ ನಿರ್ವಹಣೆಯಲ್ಲಿ ಸುರಕ್ಷತಾ ಮಾನದಂಡ ಪಾಲಿಸದೆ ಸಾವು ಅಥವಾ ಅಂಗವೈಕಲ್ಯ ಉಂಟಾದರೆ ಸಂಬಂಧಿಸಿದ ಪ್ರಾಧಿಕಾರ ಮತ್ತು ಗುತ್ತಿಗೆದಾರರಿಗೆ 1 ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಹುದು. 2018ರ ನವೆಂಬರ್ 24ರಂದು ಮಂಡ್ಯ ಜಿಲ್ಲೆಯ ಕನಗನಮರಡಿಯಲ್ಲಿ ಖಾಸಗಿ ಬಸ್ಸೊಂದು ವಿಶ್ವೇಶ್ವರಯ್ಯ ನಾಲೆಗೆ ಬಿದ್ದು 30 ಮಂದಿ ಸತ್ತರು. ನಾಲೆಯ ದಂಡೆಗೆ ತಡೆಗೋಡೆ ಇರಲಿಲ್ಲ. ಮಲಪ್ರಭಾ ಕಾಲುವೆಗಳ ಬದಿಯಲ್ಲೇ ಬಸ್ ಓಡಿಸುವ ನಮಗೆ ಆ ದುರಂತ ದೂರದ ಸುದ್ದಿಯಲ್ಲ.

ನಿದ್ದೆಯಿಲ್ಲದ ಡ್ಯೂಟಿ

ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ, 1961, ದಿನಕ್ಕೆ 8 ಗಂಟೆ ಹಾಗೂ ವಾರಕ್ಕೆ 48 ಗಂಟೆ ಕೆಲಸ, ಸತತ 5 ಗಂಟೆಯೊಳಗೆ ಕನಿಷ್ಠ ಅರ್ಧ ಗಂಟೆ ಬಿಡುವು, ಒಂದು ದಿನದ ಕೆಲಸಕ್ಕೂ ಮರುದಿನದ ಕೆಲಸಕ್ಕೂ ನಡುವೆ ಸತತ 9 ಗಂಟೆ ವಿಶ್ರಾಂತಿ ಎಂದು ನಿಗದಿ ಮಾಡಿತ್ತು. 2025ರ ನವೆಂಬರ್ 21ರಿಂದ ಜಾರಿಗೆ ಬಂದಿರುವ ಹೊಸ ಕಾರ್ಮಿಕ ಸಂಹಿತೆಯಲ್ಲೂ ದಿನಕ್ಕೆ 8 ಗಂಟೆಯ ಮಿತಿ ಉಳಿದಿದೆ.

ಈಗ ನಮ್ಮ ಕಡೆ ರಾತ್ರಿ ಊರಲ್ಲೇ ತಂಗುವ ವಸ್ತಿ ಬಸ್ಸಿನ ಲೆಕ್ಕ ನೋಡಿ. ಕೊನೆಯ ಟ್ರಿಪ್ ಮುಗಿಸಿ ಊರು ಮುಟ್ಟುವಾಗ ರಾತ್ರಿ 9 ದಾಟಿರುತ್ತದೆ. ನಿರ್ವಾಹಕ ಹಣದ ಲೆಕ್ಕ ಕೂಡಿಸಿ, ಇಬ್ಬರೂ ಬುತ್ತಿ ಬಿಚ್ಚಿ ಉಣ್ಣುವಾಗ 10 ಗಂಟೆ. ಮಲಗುವ ಜಾಗ ಬಸ್ಸಿನ ಉದ್ದನೆಯ ಹಿಂದಿನ ಸೀಟು, ಇಲ್ಲವೇ ಗುಡಿಯ ಕಟ್ಟೆ. ಸೊಳ್ಳೆ, ಸೆಕೆ, ಇಲ್ಲದ ಶೌಚಾಲಯ. ಬೆಳಿಗ್ಗೆ 5.30ಕ್ಕೆ ಮತ್ತೆ ಗಾಡಿ ಎತ್ತಬೇಕು. 9 ಗಂಟೆಯ ವಿಶ್ರಾಂತಿ ಈ ಲೆಕ್ಕದಲ್ಲಿ ಎಲ್ಲಿಯೂ ಕೂಡುವುದಿಲ್ಲ. ರಸ್ತೆ ಕೆಟ್ಟು, ನಿಲ್ದಾಣಗಳು ಹೆಚ್ಚಿ, ಜನ ಹೆಚ್ಚಿದರೂ ಸಾರಿಗೆ ಸಂಸ್ಥೆಯ ವೇಳಾಪಟ್ಟಿಯಾದ ಹಳೆಯ ಫಾರಂ–4ರಲ್ಲಿ ಬರೆದ ಓಡುವ ಸಮಯ ಹಾಗೇ ಉಳಿದರೆ, ತಡವಾದ ನಿಮಿಷಗಳನ್ನು ಚಾಲಕ ಆಕ್ಸಿಲರೇಟರ್ ಮೇಲೆಯೇ ತುಂಬಿಕೊಳ್ಳಬೇಕಾಗುತ್ತದೆ. ಬೆಂಗಳೂರಿಗೆ ಹೋಗುವ ಖಾಸಗಿ ರಾತ್ರಿ ಬಸ್‌ಗಳಲ್ಲಂತೂ ಡ್ಯೂಟಿಯ ಬರಹವೇ ಸಿಗುವುದು ಕಷ್ಟ.

ರಸ್ತೆಯ ಮೇಲಿನ ರಾಶಿ

ಸುಗ್ಗಿಯಲ್ಲಿ ಕಡಲೆ, ಹೆಸರು, ಜೋಳ, ಅಲಸಂದಿ ಎಲ್ಲವೂ ಡಾಂಬರಿಗೆ ಬರುತ್ತವೆ. ಕಣ ಮಾಡುವ ಜಾಗ ಇಲ್ಲವಾದ ರೈತರ ಕಷ್ಟ ನಮಗೆ ಗೊತ್ತು, ನಮ್ಮಲ್ಲೂ ಹೊಲವಿದ್ದವರಿದ್ದಾರೆ. ಆದರೆ ಒಣ ಹೊಟ್ಟಿನ ಮೇಲೆ ಬ್ರೇಕ್ ಹಿಡಿಯುವುದಿಲ್ಲ. ಚಕ್ರಕ್ಕೆ, ಸೈಲೆನ್ಸರಿಗೆ ಸುತ್ತಿಕೊಂಡ ಹೊಟ್ಟು ಬೆಂಕಿ ಹಿಡಿಯುವ ಅಪಾಯವೂ ಇದೆ. ಎಲ್ಲಕ್ಕಿಂತ ಕೆಟ್ಟದ್ದು ರಾಶಿಯ ಸುತ್ತ ಇಟ್ಟ ಕಲ್ಲುಗಳು: ರಾಶಿ ಎತ್ತಿದ ಮೇಲೂ ಅವು ರಸ್ತೆಯಲ್ಲೇ ಉಳಿದಿರುತ್ತವೆ, ರಾತ್ರಿ ಎದುರಿನ ವಾಹನದ ಬೆಳಕಿನಲ್ಲಿ ಕಾಣುವುದಿಲ್ಲ. ಇದರ ಜೊತೆಗೆ ಹಿಂದೆ ಕೆಂಪು ದೀಪವಿಲ್ಲದ ಕಬ್ಬಿನ ಟ್ರ್ಯಾಕ್ಟರ್, ಗಾಳಿ ಯಂತ್ರದ ರೆಕ್ಕೆ ಹೊತ್ತ ಉದ್ದನೆಯ ಟ್ರೇಲರ್, ಎರೆಮಣ್ಣು ಕುಸಿದು ಅಂಚು ಕಿತ್ತ ರಸ್ತೆ.

ಅಪಘಾತದ ಬಳಿಕ

ಗಾಯಾಳುಗಳಿಗೆ ಚಿಕಿತ್ಸೆ ಕೊಡಿಸುವುದು ಮೋಟಾರು ವಾಹನ ಕಾಯ್ದೆಯ ಕಲಂ 134ರಡಿ ಚಾಲಕನ ಕರ್ತವ್ಯ. ಜನರ ಆಕ್ರೋಶದಿಂದ ಅದು ಸಾಧ್ಯವಾಗದಿದ್ದರೆ ಅದೇ ಕಲಂ ವಿನಾಯಿತಿ ಕೊಡುತ್ತದೆ. ಆಗ ಹತ್ತಿರದ ಠಾಣೆಗೆ ಆದಷ್ಟು ಬೇಗ, ಹೆಚ್ಚೆಂದರೆ 24 ಗಂಟೆಯೊಳಗೆ ತಿಳಿಸಬೇಕು. ಕಲ್ಲು ತೂರಾಟಕ್ಕೆ ಹೆದರಿ ಠಾಣೆಗೆ ಓಡಿದ ಚಾಲಕನನ್ನು "ಪರಾರಿ" ಎಂದು ಬರೆಯುವುದು ಕಾನೂನಿಗೆ ವಿರುದ್ಧ.

ಈ ಹಿನ್ನೆಲೆಯಲ್ಲಿ ನಮ್ಮ ಹಕ್ಕೊತ್ತಾಯಗಳು ಹೀಗಿವೆ:

1. ಜೀವಹಾನಿಯಾದ ಪ್ರತಿ ಬಸ್ ಅಪಘಾತದಲ್ಲಿ ಚಾಲಕನ ಹಿಂದಿನ 7 ದಿನಗಳ ಡ್ಯೂಟಿ ದಾಖಲೆ, ಫಾರಂ–4, ಲಾಗ್‌ಶೀಟ್, ಕಾರ್ಯಾಗಾರದ ದುರಸ್ತಿ ಪುಸ್ತಕ ಮತ್ತು ಜಿಪಿಎಸ್ ಮಾಹಿತಿಯನ್ನು ಪೊಲೀಸರು 48 ಗಂಟೆಯೊಳಗೆ ವಶಕ್ಕೆ ಪಡೆಯಬೇಕು.

2. 2022ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಕೇಂದ್ರ ನಿಯಮಗಳಂತೆ ಪ್ರಥಮ ಅಪಘಾತ ವರದಿ 48 ಗಂಟೆಯಲ್ಲಿ, ಮಧ್ಯಂತರ ವರದಿ 50 ದಿನದಲ್ಲಿ, ವಿವರವಾದ ವರದಿ 90 ದಿನದಲ್ಲಿ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಸಲ್ಲಬೇಕು. ಚಾಲಕ ತುಂಬಬೇಕಾದ ನಮೂನೆ–3 ಮತ್ತು ಮಾಲೀಕ ತುಂಬಬೇಕಾದ ನಮೂನೆ–4ನ್ನು ಕನ್ನಡದಲ್ಲಿ ಕೊಟ್ಟು, ತನ್ನ ಹೇಳಿಕೆ ಬರೆಸಲು ಚಾಲಕನಿಗೆ ನೆರವು ಒದಗಿಸಬೇಕು.

3. ತನಿಖೆಯಲ್ಲಿ ಡ್ಯೂಟಿ ಅವಧಿಯ ಉಲ್ಲಂಘನೆ ಅಥವಾ ಬರೆದು ಕೊಟ್ಟರೂ ಸರಿಪಡಿಸದ ಯಾಂತ್ರಿಕ ದೋಷ ಕಂಡುಬಂದರೆ, ಬಸ್ಸನ್ನು ರಸ್ತೆಗೆ ಬಿಟ್ಟ ಮಾಲೀಕರು ಅಥವಾ ಅಧಿಕಾರಿಯ ಪಾತ್ರವನ್ನೂ ದೋಷಾರೋಪಣೆಯ ವೇಳೆ ಪರಿಶೀಲಿಸಬೇಕು.

4. ಮೂರೂ ತಾಲ್ಲೂಕುಗಳ ಎಲ್ಲ ಮಾರ್ಗಗಳ ಓಡುವ ಸಮಯವನ್ನು ಚಾಲಕರ ಪ್ರತಿನಿಧಿಗಳ ಸಮ್ಮುಖದಲ್ಲಿ, ಈಗಿನ ರಸ್ತೆ ಮತ್ತು ಜನದಟ್ಟಣೆಗೆ ತಕ್ಕಂತೆ ಹೊಸದಾಗಿ ಅಳೆದು ಫಾರಂ–4 ಪರಿಷ್ಕರಿಸುವಂತೆ ಸಾರಿಗೆ ಸಂಸ್ಥೆಗೆ ಸೂಚಿಸಬೇಕು.

5. ವಸ್ತಿ ಬಸ್ ನಿಲ್ಲುವ ಪ್ರತಿ ಊರಲ್ಲಿ ಗ್ರಾಮ ಪಂಚಾಯಿತಿ ಮೂಲಕ ಫ್ಯಾನು, ನೀರು, ಶೌಚಾಲಯವಿರುವ ಒಂದು ಕೋಣೆ ಒದಗಿಸಬೇಕು. 9 ಗಂಟೆಯ ವಿಶ್ರಾಂತಿ ಸಿಗದಿದ್ದರೆ ಬೆಳಗಿನ ಟ್ರಿಪ್‌ಗೆ ಬೇರೆ ಚಾಲಕರನ್ನು ನೇಮಿಸಬೇಕು.

6. ಖಾಸಗಿ ರಾತ್ರಿ ಬಸ್‌ಗಳಲ್ಲಿ ಎರಡನೇ ಚಾಲಕ, ವೇಗ ನಿಯಂತ್ರಕ, ತುರ್ತು ನಿರ್ಗಮನ ದ್ವಾರ ಮತ್ತು ಅಗ್ನಿಶಾಮಕ ಸಾಧನಗಳನ್ನು ಪ್ರಾದೇಶಿಕ ಸಾರಿಗೆ ಅಧಿಕಾರಿಗಳು ಹೊರಡುವ ಜಾಗದಲ್ಲೇ ತಪಾಸಣೆ ಮಾಡಬೇಕು. 2013ರ ಅಕ್ಟೋಬರ್ 30ರಂದು ಬೆಂಗಳೂರಿನಿಂದ ಹೈದರಾಬಾದ್‌ಗೆ ಹೊರಟಿದ್ದ ಬಸ್ಸು ಪಾಲೆಂ ಬಳಿ ಹೊತ್ತಿ ಉರಿದು 45 ಮಂದಿ ಸತ್ತರು. 2025ರ ಅಕ್ಟೋಬರ್ 24ರಂದು ಕರ್ನೂಲು ಬಳಿ ಅಂಥದೇ ದುರಂತ ಮರುಕಳಿಸಿತು.

7. ಸುಗ್ಗಿಗೆ ಮುನ್ನ ಕೃಷಿ ಇಲಾಖೆ ಮತ್ತು ಎಪಿಎಂಸಿ ಮೂಲಕ ಊರೂರಿಗೆ ಸಾಮೂಹಿಕ ಒಕ್ಕಣೆ ಕಣ ನಿರ್ಮಿಸಬೇಕು. ಕಣ ಕೊಟ್ಟ ಮೇಲೆಯೇ ರಸ್ತೆಯಲ್ಲಿ ರಾಶಿ ಮಾಡುವುದನ್ನು ನಿಷೇಧಿಸಬೇಕು. ಬಡ ರೈತನ ಮೇಲೆ ಮೊದಲೇ ಕೇಸು ಹಾಕುವುದು ಬೇಡ.

8. ಅಪಘಾತಗಳು ಮರುಕಳಿಸುವ ಜಾಗಗಳನ್ನು ಲೋಕೋಪಯೋಗಿ ಮತ್ತು ರಾಷ್ಟ್ರೀಯ ಹೆದ್ದಾರಿ ಅಧಿಕಾರಿಗಳು ಚಾಲಕರೊಂದಿಗೆ ಜಂಟಿಯಾಗಿ ಪರಿಶೀಲಿಸಿ, ಕಾಲುವೆ ಬದಿಗೆ ತಡೆಗೋಡೆ, ತಿರುವುಗಳಿಗೆ ಪ್ರತಿಫಲಕ ಫಲಕ ಅಳವಡಿಸಬೇಕು. ತಪ್ಪಿದಲ್ಲಿ ಕಲಂ 198ಎ ಅನ್ವಯಿಸಬೇಕು.

9. ಕಲಂ 134ರ ವಿನಾಯಿತಿಯ ಬಗ್ಗೆ ಎಲ್ಲ ಠಾಣೆಗಳಿಗೆ ಲಿಖಿತ ಸೂಚನೆ ಹೋಗಬೇಕು. ಚಾಲಕ, ನಿರ್ವಾಹಕರ ಮೇಲೆ ಹಲ್ಲೆ ಮಾಡುವವರ ವಿರುದ್ಧ ಪ್ರಕರಣ ದಾಖಲಾಗಬೇಕು.

10. 2025ರ ಮೇ ತಿಂಗಳಲ್ಲಿ ಅಧಿಸೂಚನೆಯಾದ ನಗದುರಹಿತ ಚಿಕಿತ್ಸಾ ಯೋಜನೆಯಡಿ ಅಪಘಾತದ ಗಾಯಾಳುವಿಗೆ 7 ದಿನಗಳವರೆಗೆ 1.5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಲಭ್ಯ. ಈ ಮಾಹಿತಿಯನ್ನು ಬಸ್ ನಿಲ್ದಾಣ, ಡಿಪೋ, ತಾಲ್ಲೂಕು ಆಸ್ಪತ್ರೆಗಳಲ್ಲಿ ಕನ್ನಡದ ಫಲಕ ಹಾಕಿ ತಿಳಿಸಬೇಕು.

11. ಮೂರೂ ಡಿಪೋಗಳ ಚಾಲಕರಿಗೆ ಮತ್ತು ಖಾಸಗಿ ಬಸ್ ಚಾಲಕರಿಗೆ ವರ್ಷಕ್ಕೊಮ್ಮೆ ಕಣ್ಣು, ರಕ್ತದೊತ್ತಡ, ಸಕ್ಕರೆ ಕಾಯಿಲೆ, ಹೃದಯದ ತಪಾಸಣೆ ಉಚಿತವಾಗಿ ನಡೆಯಬೇಕು. ಕಾಯಿಲೆ ಕಂಡುಬಂದವರಿಗೆ ಸಂಬಳ ಕಡಿತವಿಲ್ಲದೆ ಬೇರೆ ಕೆಲಸ ಕೊಡಬೇಕು.

ಕುಡಿದು ಓಡಿಸಿದವನನ್ನು, ಮೊಬೈಲ್ ಹಿಡಿದು ಓಡಿಸಿದವನನ್ನು, ಪೈಪೋಟಿಗೆ ಬಿದ್ದು ಪ್ರಯಾಣಿಕರ ಜೀವದ ಜೊತೆ ಆಡಿದವನನ್ನು ರಕ್ಷಿಸಿ ಎಂದು ನಾವು ಕೇಳುತ್ತಿಲ್ಲ. ಅಂಥವರಿಗೆ ಕಾನೂನಿನಂತೆ ಶಿಕ್ಷೆಯಾಗಲಿ. ಮೃತರ ಮನೆಯವರಿಗೆ ವರ್ಷಗಟ್ಟಲೆ ಅಲೆದಾಡಿಸದೆ ಪರಿಹಾರ ಸಿಗಲಿ.

ಈ ಮನವಿಯನ್ನು ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿಯ ಮುಂದಿನ ಸಭೆಯ ಕಾರ್ಯಸೂಚಿಗೆ ಸೇರಿಸಿ, ಮೂರೂ ತಾಲ್ಲೂಕುಗಳ ಚಾಲಕರು ಮತ್ತು ಪ್ರಯಾಣಿಕರ ಪ್ರತಿನಿಧಿಗಳನ್ನು ಆ ಸಭೆಗೆ ಕರೆಯಬೇಕು. ಕೈಗೊಂಡ ಕ್ರಮವನ್ನು 30 ದಿನಗಳೊಳಗೆ ಲಿಖಿತವಾಗಿ ತಿಳಿಸಬೇಕು ಎಂದು ಕೋರುತ್ತೇವೆ. ಅಪಘಾತಕ್ಕೆ ಕಾರಣರಾದ ಯಾರನ್ನೂ ಬಿಡಬೇಡಿ, ಚಾಲಕನೊಬ್ಬನನ್ನೇ ಹಿಡಿದು ಕಡತ ಮುಚ್ಚಲೂಬೇಡಿ.



ತಮ್ಮ ವಿಶ್ವಾಸಿಗಳು,
ರೋಣ, ನರಗುಂದ ಮತ್ತು ಗಜೇಂದ್ರಗಡ ತಾಲ್ಲೂಕುಗಳ ಬಸ್ ಚಾಲಕರು, ನಿರ್ವಾಹಕರು ಹಾಗೂ ಪ್ರಯಾಣಿಕರು

ಪ್ರತಿಗಳು:
1. ಮಾನ್ಯ ವ್ಯವಸ್ಥಾಪಕ ನಿರ್ದೇಶಕರು, ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆ, ಹುಬ್ಬಳ್ಳಿ
2. ಮಾನ್ಯ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗಳು, ಗದಗ
3. ಮಾನ್ಯ ಪ್ರಾದೇಶಿಕ ಸಾರಿಗೆ ಅಧಿಕಾರಿಗಳು, ಗದಗ
4. ಮಾನ್ಯ ಕಾರ್ಯಪಾಲಕ ಎಂಜಿನಿಯರ್, ಲೋಕೋಪಯೋಗಿ ಇಲಾಖೆ, ಗದಗ